ಅನಲಿಟಿಕ್ಸ್ ನೋಡಿ ಕನ್ನಡ ಬ್ಲಾಗಿನ ಓದುಗರನ್ನು ಹೆಚ್ಚಿಸೋದು ಹೇಗೆ?

ನೀವು ಬೀದರ್‌ನಿಂದ ಊರು, ಊಟ, ಇತಿಹಾಸ ಅಂತ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೀರಿ. ಬ್ಲಾಗಿಗೆ ಯಾರು ಬಂದರು, ಏನು ಓದಿದರು ಅಂತ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಹಾಕಿದ್ದೀರಿ. ದಿನಾ ತೆಗೆದು ನೋಡುತ್ತೀರಿ, ಒಂದಿನ ಏರುತ್ತೆ, ಒಂದಿನ ಇಳಿಯುತ್ತೆ, ಅದರಿಂದ ಏನು ತಿಳ್ಕೋಬೇಕು ಅನ್ನೋದು ನಿಮ್ಮ ಪ್ರಶ್ನೆ. ನಾನು ಕಲಬುರಗಿಯವನು. ನಮ್ಮ ಭಾಗದ ನೋಡುವ ಜಾಗಗಳು ಮತ್ತು ಒಂದಿಷ್ಟು ತೊಗರಿ ಬೆಳೆ ಬಗ್ಗೆ ಕೆಲವು ವರ್ಷಗಳಿಂದ ಬರೆಯುತ್ತಿದ್ದೇನೆ. ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲಿಗೆ ಒಟ್ಟು ವ್ಯೂಸ್ ನೋಡಿ ಖುಷಿಪಡೋದೂ ಬೇಡ, ಬೇಜಾರಾಗೋದೂ ಬೇಡ. ಬಜಾರಿನಲ್ಲಿ ಅಂಗಡಿ ಮುಂದೆ ಹಾದುಹೋದವರನ್ನೆಲ್ಲ ಗಿರಾಕಿ ಅಂತ ಬರೆದುಕೊಂಡ ಹಾಗೆ ಅದು. ನೀವೇ ತಪ್ಪು ತಿದ್ದೋಕೆ ಹತ್ತು ಸಲ ಪುಟ ತೆಗೆದರೆ ಅದೂ ಲೆಕ್ಕಕ್ಕೆ ಬರುತ್ತೆ. ಎಲ್ಲೋ ದೂರದ ದೇಶದಿಂದ ಒಂದೇ ರಾತ್ರಿ ನೂರಾರು ಭೇಟಿ ಬಂದು, ಓದಿದ ಸಮಯ ಸೊನ್ನೆ ಇದ್ದರೆ, ಅವು ಬಹುತೇಕ ಬಾಟ್‌ಗಳು, ಅಂದ್ರೆ ಮನುಷ್ಯರಲ್ಲ, ತಾವಾಗೇ ಪುಟ ತೆಗೆಯುವ ಪ್ರೋಗ್ರಾಂಗಳು. ಬ್ಲಾಗರ್ (ಗೂಗಲ್‌ನ ಬ್ಲಾಗ್ ತಾಣ) ಒಳಗಡೆ ಕಾಣುವ ಲೆಕ್ಕಕ್ಕೂ ಅನಲಿಟಿಕ್ಸ್ ಲೆಕ್ಕಕ್ಕೂ ತಾಳೆ ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಎಣಿಸುವ ರೀತಿಯೇ ಬೇರೆ.

ನಿಜವಾಗಿ ನೋಡಬೇಕಾದ್ದು ಗೂಗಲ್ ಸರ್ಚ್ ಕನ್ಸೋಲ್. ಉಚಿತ. ಜನ ಬಂದ ಮೇಲೆ ಏನು ಮಾಡಿದರು ಅಂತ ಅನಲಿಟಿಕ್ಸ್ ಹೇಳುತ್ತೆ. ಏನು ಕೇಳಿಕೊಂಡು ಬಂದರು ಅಂತ ಹೇಳೋದು ಸರ್ಚ್ ಕನ್ಸೋಲ್. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಒಂದು ಪುಟ ಆರಿಸಿ, ಆಮೇಲೆ ಕ್ವೆರಿ ಪಟ್ಟಿ, ಅಂದ್ರೆ ಜನ ಗೂಗಲ್‌ನಲ್ಲಿ ಹುಡುಕಿದ ಮಾತುಗಳ ಪಟ್ಟಿ, ತೆಗೆಯಿರಿ. ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿ ಇತ್ತು, ಮೂರೂ ಅಲ್ಲೇ ಸಿಗುತ್ತವೆ. ತೀರಾ ಅಪರೂಪದ ಹುಡುಕಾಟಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ಮುಚ್ಚಿಡುತ್ತೆ, ಹಾಗಾಗಿ ಪಟ್ಟಿ ಪೂರ್ತಿ ಇರೋದಿಲ್ಲ. ಆದರೂ ಸಾಕು.

ನಿಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಝರಣಿ ನರಸಿಂಹ ಗುಹೆಯ ಬಗ್ಗೆ ನನ್ನದೊಂದು ಲೇಖನ ಇದೆ. ಶುರುವಿನಲ್ಲಿ ಸ್ಥಳಪುರಾಣ, ನಡುವೆ ಗುಹೆಯ ವರ್ಣನೆ, ಕೊನೆಯಲ್ಲಿ ದಾರಿ. ಕ್ವೆರಿ ಪಟ್ಟಿಯಲ್ಲಿ ಪುರಾಣ ಕೇಳಿದವರು ಒಬ್ಬಿಬ್ಬರು. ಉಳಿದದ್ದೆಲ್ಲ ಹೀಗೆ: ‘ಗುಹೆ ಈಗ ತೆರೆದಿದೆಯಾ’, ‘ನೀರು ಎಷ್ಟು ಆಳ’, ‘ಮಕ್ಕಳನ್ನು ಕರ್ಕೊಂಡು ಹೋಗಬಹುದಾ’, ‘ಬಸ್ ಸ್ಟ್ಯಾಂಡ್‌ನಿಂದ ಎಷ್ಟು ದೂರ’. ಎದೆಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡುವ ಜಾಗ ಅಲ್ವಾ, ಹೆಂಡತಿ ಮಕ್ಕಳ ಜೊತೆ ಹೊರಟವನಿಗೆ ಬೇಕಾದ್ದು ಇದೇ. ನೀರಿನ ಮಾತನ್ನು ಮೊದಲ ಪ್ಯಾರಾಕ್ಕೆ ತಂದೆ. ಒಳಗೆ ಬಿಡುತ್ತಾರೋ ಇಲ್ಲವೋ ಅನ್ನೋದನ್ನು ಯಾವ ದಿನ ವಿಚಾರಿಸಿದೆ ಅಂತ ತಾರೀಖು ಸಮೇತ ಹಾಕಿದೆ. ಮಕ್ಕಳು, ವಯಸ್ಸಾದವರ ಬಗ್ಗೆ ಬೇರೆ ಉಪಶೀರ್ಷಿಕೆ ಕೊಟ್ಟೆ. ಪುರಾಣವನ್ನು ತೆಗೆದಿಲ್ಲ, ಕೆಳಗೆ ಇಳಿಸಿದೆ ಅಷ್ಟೇ. ಕೆಲವು ವಾರದಲ್ಲಿ ಆ ಪುಟ ಮೇಲೆ ಬಂತು. ಅದಕ್ಕಿಂತ ಹೆಚ್ಚಾಗಿ, ಬಂದವರು ನಿಂತು ಓದಿದರು.

ಹಾಗಾಗಿ ಹೊಸ ಲೇಖನಕ್ಕೆ ವಿಷಯ ಹುಡುಕುವ ಮೊದಲು, ಜಾಸ್ತಿ ಸಲ ಕಾಣಿಸಿಕೊಂಡು ಕಮ್ಮಿ ಜನ ಒತ್ತಿದ ಪುಟಗಳನ್ನು ತೆಗೆದು ನೋಡಿ. ಸರಾಸರಿ ಜಾಗ ಎಂಟರಿಂದ ಹದಿನೈದರ ನಡುವೆ ಇದ್ದರೆ ಅದು ಕೈಗೆ ಸಿಗುವ ಫಸಲು. ಜನ ಕೇಳುತ್ತಿರುವುದು ಶೀರ್ಷಿಕೆಯಲ್ಲಿ ಇದೆಯಾ ನೋಡಿ. ಉತ್ತರ ಪುಟದ ಮೇಲ್ಭಾಗದಲ್ಲೇ ಇರಲಿ. ಪಟ್ಟಿಯಲ್ಲಿ ಪ್ರಶ್ನೆ ಇದ್ದು ಲೇಖನದಲ್ಲಿ ಉತ್ತರವೇ ಇಲ್ಲದಿದ್ದರೆ, ಅದೇ ನಿಮ್ಮ ಮುಂದಿನ ಲೇಖನ.

ಹೆಸರಿನ ವಿಷಯ ಒಂದಿದೆ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಕಲಬುರಗಿ ಆಯಿತು. ಹುಡುಕುವವರಲ್ಲಿ ಬಹಳ ಜನ ಇನ್ನೂ ಗುಲ್ಬರ್ಗ ಅಂತಲೇ ಹಾಕುತ್ತಾರೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಕಮ್ಮಿ ಇಲ್ಲ. ನಾನು ಲೇಖನದಲ್ಲಿ ಹಳೆ ಹೆಸರನ್ನೂ ಒಂದು ಸಲ ಸಹಜವಾಗಿ ಬರುವ ಹಾಗೆ ಬರೆಯುತ್ತೇನೆ.

ಇನ್ನು ಅನಲಿಟಿಕ್ಸ್. ಓದುಗರು ಎಲ್ಲಿಂದ ಬಂದರು ಅನ್ನೋ ಕಡೆ ‘ಡೈರೆಕ್ಟ್’ (ನೇರವಾಗಿ ಬಂದವರು) ಅಂತ ದೊಡ್ಡ ಸಂಖ್ಯೆ ಬಂದರೆ ಇಷ್ಟೊಂದು ಜನ ನನ್ನ ವಿಳಾಸ ನೆನಪಿಟ್ಟು ಟೈಪ್ ಮಾಡುತ್ತಾರೆ ಅಂದ್ಕೋಬೇಡಿ. ವಾಟ್ಸಾಪ್‌ನಿಂದ ಬಂದವರು ಹೆಚ್ಚಾಗಿ ಅಲ್ಲೇ ಸೇರುತ್ತಾರೆ, ಯಾಕಂದ್ರೆ ಎಲ್ಲಿಂದ ಬಂದರು ಅನ್ನೋ ಗುರುತು ದಾರಿಯಲ್ಲೇ ಕಳೆದುಹೋಗುತ್ತೆ. ನಮ್ಮ ಕಡೆ ಏನು ಓಡಿದರೂ ಮೊದಲು ವಾಟ್ಸಾಪ್ ಗ್ರೂಪಿನಲ್ಲೇ ತಾನೇ ಓಡೋದು. ಲಿಂಕ್ ಹಂಚುವಾಗ ಯುಟಿಎಂ ಟ್ಯಾಗ್ ಸೇರಿಸಿ, ಅಂದ್ರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತನ್ನು ಲಿಂಕಿನ ಕೊನೆಗೆ ಅಂಟಿಸೋದು. ಗೂಗಲ್‌ನದೇ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಇದೆ, ಅದೇ ಲಿಂಕ್ ಮಾಡಿಕೊಡುತ್ತೆ. ಹಳೆ ವಿದ್ಯಾರ್ಥಿಗಳ ಗ್ರೂಪಿಗೆ ಒಂದು ಹೆಸರು, ರೈತರ ಗ್ರೂಪಿಗೆ ಇನ್ನೊಂದು. ಯಾವ ಗ್ರೂಪಿನವರು ಓದುತ್ತಾರೆ, ಯಾವುದರಲ್ಲಿ ಬರೀ ಕೈ ಮುಗಿಯುವ ಎಮೋಜಿ ಬರುತ್ತೆ ಅಂತ ಗೊತ್ತಾಗುತ್ತೆ. ಹೆಸರುಗಳನ್ನು ಸಣ್ಣ ಅಕ್ಷರದಲ್ಲೇ ಬರೆಯಿರಿ. ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರ ಹಾಕಿದರೆ ಎರಡು ಬೇರೆ ಬೇರೆ ಸಾಲಾಗಿ ಎಣಿಸುತ್ತೆ.

ಊರಿನ ಪಟ್ಟಿಯನ್ನು ಪೂರ್ತಿ ನಂಬಬೇಡಿ. ಊರು ಗೊತ್ತಾಗೋದು ಐಪಿ ವಿಳಾಸದಿಂದ, ಅಂದ್ರೆ ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ನಂಬರಿನಿಂದ. ಮೊಬೈಲ್ ಡೇಟಾದಲ್ಲಿ ಓದುವವರದು ಬಹಳ ಸಲ ತಪ್ಪಾಗಿ ಬರುತ್ತೆ. ಯಾದಗಿರಿಯಲ್ಲಿ ಕೂತು ಓದಿದರೂ ಬೆಂಗಳೂರು ಅಂತ ತೋರಿಸಬಹುದು. ನನ್ನ ಓದುಗರೆಲ್ಲ ಬೆಂಗಳೂರಿನವರು ಅಂತ ತಿಳಿದು ಅವರಿಗಾಗಿ ಬರೆಯೋಕೆ ಹೋದರೆ ಇಲ್ಲಿನವರು ಕೈಬಿಟ್ಟು ಹೋಗುತ್ತಾರೆ.

ಏರಿಳಿತದ ಬಗ್ಗೆ ಕೇಳಿದ್ದೀರಲ್ಲ, ಅದನ್ನು ಹೋದ ತಿಂಗಳಿನ ಜೊತೆ ಅಲ್ಲ, ಹೋದ ವರ್ಷದ ಇದೇ ತಿಂಗಳಿನ ಜೊತೆ ಹೋಲಿಸಿ. ತೊಗರಿಯ ಕಾಯಿಕೊರಕ ಹುಳದ ಬಗ್ಗೆ ನನ್ನ ಲೇಖನ ಬಿತ್ತನೆಯ ಜೂನ್–ಜುಲೈನಲ್ಲಿ ಸುಮ್ನೆ ಬಿದ್ದಿರುತ್ತೆ, ಹೂವು ಬಿಟ್ಟು ಕಾಯಿ ಕಟ್ಟುವಾಗ ಏಳುತ್ತೆ, ರಾಶಿ ಮುಗಿದ ಮೇಲೆ ಮತ್ತೆ ಮಲಗುತ್ತೆ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಪುಟವೂ ಹಾಗೇ. ಇದನ್ನು ನೋಡಿಕೊಂಡು ಹಳೇ ಲೇಖನವನ್ನು ಹಂಗಾಮಿಗೆ ಒಂದೂವರೆ ತಿಂಗಳು ಮುಂಚೆ ತಿದ್ದಿ ಇಡುತ್ತೇನೆ. ಸರ್ಚ್ ಕನ್ಸೋಲ್ 16 ತಿಂಗಳಿನ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತೆ, ಆದ್ದರಿಂದ ಆಗಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಅನಲಿಟಿಕ್ಸ್‌ನಲ್ಲಿ ಡೇಟಾ ರಿಟೆನ್ಷನ್ (ವಿವರಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋ) ಸೆಟ್ಟಿಂಗ್ ಮೊದಲಿಗೆ 2 ತಿಂಗಳಿಗೆ ಇರುತ್ತೆ, ಅದನ್ನು 14ಕ್ಕೆ ಬದಲಿಸಿ. ಇಲ್ಲದಿದ್ದರೆ ಎಕ್ಸ್‌ಪ್ಲೋರ್ ವಿಭಾಗದಲ್ಲಿ ಹಳೆಯದನ್ನು ಬಿಡಿಸಿ ನೋಡೋಕೆ ಆಗೋದಿಲ್ಲ.

ಗೂಗಲ್ ಡಿಸ್ಕವರ್‌ನಿಂದ (ಹುಡುಕದೇ ಇದ್ದರೂ ಫೋನಿನಲ್ಲಿ ಗೂಗಲ್ ತಾನಾಗೇ ತೋರಿಸುವ ಲೇಖನಗಳ ಸಾಲು) ಒಮ್ಮೊಮ್ಮೆ ಜನ ನುಗ್ಗಿ ಬರುತ್ತಾರೆ, ಎರಡು ದಿನಕ್ಕೆ ಖಾಲಿ. ಅದೇ ತರಹದ್ದನ್ನು ಮತ್ತೆ ಮತ್ತೆ ಬರೆದು ಅವರನ್ನು ಅಟ್ಟಿಸಿಕೊಂಡು ಹೋಗಬೇಡಿ. ನಾನು ನೋಡೋದು ಮರಳಿ ಬರುವವರು ಎಷ್ಟು, ಸರಾಸರಿ ಎಷ್ಟು ಹೊತ್ತು ಓದಿದರು ಅನ್ನೋದನ್ನು.

ಇಷ್ಟೆಲ್ಲ ಹೇಳಿದ ಮೇಲೆಯೂ, ಲೆಕ್ಕ ಕಮ್ಮಿ ತೋರಿಸಿದರೂ ಇಟ್ಟುಕೊಳ್ಳಬೇಕಾದ ಲೇಖನಗಳು ಇರುತ್ತವೆ. ಬಿದರಿ ಕೆಲಸದಲ್ಲಿ ಲೋಹಕ್ಕೆ ಕಪ್ಪು ಬಣ್ಣ ಬರಲು ಬೀದರ್ ಕೋಟೆಯ ಮಣ್ಣನ್ನು ಹೇಗೆ ಬಳಸುತ್ತಾರೆ ಅಂತ ನಾನು ಬರೆದದ್ದನ್ನು ಓದುವವರು ಬೆರಳೆಣಿಕೆಯಷ್ಟು ಜನ. ಆದರೆ ಕೊನೆತನಕ ಓದುತ್ತಾರೆ, ಅಲ್ಲಿಂದ ಇನ್ನೊಂದು ಲೇಖನಕ್ಕೂ ಹೋಗುತ್ತಾರೆ. ಅಂಥದ್ದನ್ನು ಅಳಿಸಬೇಡಿ. ಜನ ಜಾಸ್ತಿ ಬರುವ ಕೋಟೆಯ ಪುಟದಿಂದ ಅದಕ್ಕೊಂದು ಲಿಂಕ್ ಕೊಡಿ.

ದಿನಾ ನೋಡೋದು ಬೇಡ, ವಾರಕ್ಕೊಮ್ಮೆ ಸಾಕು. ಸರ್ಚ್ ಕನ್ಸೋಲ್‌ನ ಪಕ್ಕಾ ಲೆಕ್ಕ ಹೇಗೂ ಒಂದೆರಡು ದಿನ ತಡವಾಗಿಯೇ ಬರುತ್ತೆ. ಅದನ್ನಿನ್ನೂ ಜೋಡಿಸಿಲ್ಲ ಅಂದ್ರೆ ಮೊದಲು ಆ ಕೆಲಸ ಮಾಡಿ, ಒಂದು ತಿಂಗಳು ಬಿಟ್ಟು ನಿಮ್ಮ ಹೆಚ್ಚು ಓದಿಸಿಕೊಂಡ ಪುಟದ ಕ್ವೆರಿ ಪಟ್ಟಿಯನ್ನು ಇಲ್ಲೇ ಹಾಕಿ. ಯಾವ ಪ್ರಶ್ನೆಯಿಂದ ಶುರು ಮಾಡಬಹುದು ಅಂತ ನೋಡಿ ಹೇಳುತ್ತೇನೆ.