ಸಾಲ ತೀರಲಿ, ಆಮೇಲೆ…

ಪ್ರಶ್ನೆ: ಅಕ್ಕಾ, ಮನೆ ಸಾಲ ತೀರಲು ಇನ್ನೂ 9 ವರ್ಷ ಇದೆ. ಜೋಗ ನೋಡುವುದೂ ಸೇರಿ ಎಲ್ಲವನ್ನೂ ‘ಆಮೇಲೆ’ ಅಂತ ಮುಂದೂಡುತ್ತಿದ್ದೇವೆ. ಇದು ಸರಿಯಾ?
– ಓದುಗಿ, ಶಿವಮೊಗ್ಗ

ಉತ್ತರ: ಶಿವಮೊಗ್ಗದಲ್ಲಿದ್ದು ಜೋಗಕ್ಕೆ 9 ವರ್ಷ ಕಾಯೋದಾ ತಂಗಿ! ಹೆಚ್ಚುಕಡಿಮೆ ನೂರು ಕಿಲೋಮೀಟರು, ಅಷ್ಟೇ ಅಲ್ವಾ? ಸಾಲದ ಕಂತು ತಪ್ಪಿಸಬೇಡಿ, ಅದು ಬೇರೆ ಮಾತು. ಆದರೆ ಶರಾವತಿಯ ನೀರನ್ನು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕರೆಂಟಿಗಾಗಿ ಹಿಡಿದಿಡುತ್ತಾರೆ. ಬೇಸಿಗೆಯಲ್ಲಿ ಹೋದರೆ ಜಾಸ್ತಿ ಕಾಣುವುದು ಬಂಡೆಯೇ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ತುಂಬಿ ಧುಮುಕುವುದು ಮಳೆಗಾಲದಲ್ಲಿ. ಮಂಜು ಮುಚ್ಚಿದರೆ ಅದೂ ಕಾಣದು. ಸುಮ್ನೆ ನಿಂತು ಸದ್ದು ಕೇಳಿ, ಮಂಜು ಸರಿಯುತ್ತದೆ. ಈ ಮಳೆಗಾಲದ ಒಂದು ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಸಾಗರದ ಬಸ್ಸು ಹತ್ತಿ. ಶೋಕೇಸಿನಲ್ಲಿಟ್ಟ ಹೊಸ ಫ್ಲಾಸ್ಕ್ ಇದ್ದರೆ ಅದನ್ನೂ ಇಳಿಸಿ, ಕಾಫಿ ತುಂಬಿಕೊಳ್ಳಿ. ಕೊಡೆ ಮರೆಯಬೇಡಿ.