ಕಂಬ ಕಡೆದವರ ಹೆಸರು ಕಲ್ಲಿನ ಮೇಲೇ ಇದೆ

ಆತ್ಮೀಯರೇ,

‘ಹೊಯ್ಸಳರ ಕಳೆದುಹೋದ ಯಂತ್ರವಿದ್ಯೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಇಷ್ಟು ತಿಳಿಸಿ ಸುಮ್ಮನಾಗಬಹುದಿತ್ತು. ಆದರೆ ನಿಮಗೆ ನೋಡುವ ಕಣ್ಣಿದೆ, ಅದಕ್ಕೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಬೇಲೂರು ದೇವಾಲಯದ ನವರಂಗದ, ಅಂದರೆ ಒಳಮಂಟಪದ, ಕಂಬಗಳ ಸುತ್ತ ಒಂದೇ ಸಮನೆ ಓಡುವ ಗೆರೆಗಳನ್ನು ಕಂಡು, ಕಲ್ಲನ್ನು ತಿರುಗಿಸಿಯೇ ಕಡೆದಿರಬೇಕು ಎಂದಿದ್ದೀರಿ. ಸರಿಯಾಗಿಯೇ ಹೇಳಿದ್ದೀರಿ. ಆದರೆ ಇತಿಹಾಸಕಾರರು ಇದನ್ನು ಮುಚ್ಚಿಟ್ಟಿದ್ದಾರೆ ಎಂಬ ಮಾತು ಸುಳ್ಳು. ದೇವಾಲಯ ವಾಸ್ತುವಿನ ಬಗ್ಗೆ ಬರೆದವರು ಇವನ್ನು ಲೇತ್‌ನಲ್ಲಿ ಕಡೆದ ಕಂಬಗಳೆಂದೇ ಕರೆಯುತ್ತಾ ಬಂದಿದ್ದಾರೆ. ತೊಡಕಿರುವುದು ನಿಮ್ಮ ಮುಂದಿನ ಹೆಜ್ಜೆಯಲ್ಲಿ: ತಿರುಗಿಸಿ ಕಡೆದಿದ್ದಾರೆ, ಆದ್ದರಿಂದ ನಮ್ಮದಕ್ಕಿಂತ ಮುಂದುವರಿದ ಯಂತ್ರ ಇತ್ತು! ಕಲ್ಲು ತಿರುಗಬೇಕು, ಉಳಿ ಅಲುಗದೆ ನಿಲ್ಲಬೇಕು, ಲೇತ್‌ನ ತತ್ವ ಅಷ್ಟೇ. ವಿದ್ಯುತ್ ಬರುವ ಮೊದಲೇ ಚನ್ನಪಟ್ಟಣದಲ್ಲಿ ಕೈಯಿಂದಲೇ ತಿರುಗಿಸಿ ಮರದ ಗೊಂಬೆ ಕಡೆಯುತ್ತಿದ್ದರು. ಅಷ್ಟು ಭಾರದ ಕಂಬವನ್ನು ಓಲಾಡದಂತೆ ತಿರುಗಿಸುವುದು ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಹೇಗೆ ತಿರುಗಿಸಿದರು ಎಂಬುದು ಬಹಳ ಒಳ್ಳೆಯ ಪ್ರಶ್ನೆ. ಅದನ್ನು ಕೇಳುವ ಮೊದಲೇ ನೀವು ಉತ್ತರ ಬರೆದುಬಿಟ್ಟಿದ್ದೀರಿ.

ಮೊದಲ ಪುಟದಲ್ಲಿ ‘ಉಕ್ಕಿನ ಉಳಿಗೂ ಬಗ್ಗದ ಗ್ರಾನೈಟ್’ ಎಂದಿದ್ದೀರಿ. ಬೇಲೂರು, ಹಳೇಬೀಡಿನ ಕಲ್ಲು ಗ್ರಾನೈಟ್ ಅಲ್ಲ, ಬಳಪದ ಕಲ್ಲು. ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪ ನೆನಪಿದೆಯಲ್ಲ, ಅದೇ ಜಾತಿಯದು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮದನಿಕೆಯರೆಂಬ ಹೆಣ್ಣು ಶಿಲ್ಪಗಳ ಒಡವೆಯ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುವಂತೆ ಕೆತ್ತಲು ಸಾಧ್ಯವಾದದ್ದು ಈ ಕಲ್ಲಿನಿಂದ. ಈ ಒಂದು ತಪ್ಪಿನ ಮೇಲೆ ನಿಮ್ಮ ಅರ್ಧ ಲೇಖನ ನಿಂತಿದೆ.

ಈ ವಿದ್ಯೆ ‘ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು’ ಎಂಬುದೂ ನಿಲ್ಲುವುದಿಲ್ಲ. ಬೇಲೂರಿನ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಇಟಗಿಯ ಮಹಾದೇವ ದೇವಾಲಯ 1112ರದು. ಕಟ್ಟಿಸಿದವರು ಕಲ್ಯಾಣದ ಚಾಲುಕ್ಯರ ಕಡೆಯವರು. ಅಲ್ಲಿಯೂ ಅದೇ ಬಗೆಯ ಕಲ್ಲು, ಅದೇ ಕಡೆತದ ಕಂಬಗಳು. ಲಕ್ಕುಂಡಿಗೂ ಹೋಗಿ ಬನ್ನಿ. ಕೈಯಿಂದ ಕೈಗೆ ದಾಟಿದ ಕಸುಬು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕೊನೆಗೆ, ಪ್ರಾಚೀನ ವಿಮಾನವಿದ್ಯೆಯ ಗ್ರಂಥವೆಂದು ಹೇಳಲಾಗುವ ವೈಮಾನಿಕ ಶಾಸ್ತ್ರವನ್ನು ಎಳೆದು ತಂದಿದ್ದೀರಿ. ಅದು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಬಾಯಲ್ಲಿ ಹೇಳಿ ಬರೆಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದರ ಭಾಷೆಯನ್ನೂ ಚಿತ್ರಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಅದು 1904ಕ್ಕಿಂತ ಹಿಂದಿನದಾಗಿರಲಾರದು, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದರು. ಆ ಭಾಗ ಪೂರ್ತಿ ತೆಗೆಯಿರಿ.

‘ಇಂದಿನ ವಿಜ್ಞಾನಿಗಳೇ ಬೆರಗಾಗಿದ್ದಾರೆ’ ಎಂಬ ವಾಕ್ಯ ಮೂರು ಕಡೆ ಬಂದಿದೆ. ಯಾವ ವಿಜ್ಞಾನಿ, ಎಲ್ಲಿ ಹೇಳಿದರು? ಹೆಸರಿಲ್ಲದಿದ್ದರೆ ವಾಕ್ಯವೂ ಬೇಡ.

ಇವೆಲ್ಲಕ್ಕಿಂತ ನನಗೆ ನೋವಾದದ್ದು ಬೇರೆ. ನಿಮ್ಮ ಹನ್ನೆರಡು ಪುಟಗಳಲ್ಲಿ ಒಬ್ಬ ಶಿಲ್ಪಿಯ ಹೆಸರೂ ಇಲ್ಲ. ಜಗತ್ತಿನ ಎಷ್ಟೋ ಹಳೆಯ ಕಟ್ಟಡಗಳನ್ನು ಕಟ್ಟಿದವರು ಯಾರೆಂದು ತಿಳಿಯುವುದೇ ಇಲ್ಲ. ನಮ್ಮ ಪುಣ್ಯಕ್ಕೆ ಹೊಯ್ಸಳ ಶಿಲ್ಪಿಗಳು ಮೂರ್ತಿಗಳ ಪೀಠದಲ್ಲಿ ರುಜು ಹಾಕಿದ್ದಾರೆ, ಅದೂ ಕನ್ನಡದಲ್ಲಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲೂ ಇದೆ, ಸೋಮನಾಥಪುರದ ಹತ್ತಾರು ಮೂರ್ತಿಗಳ ಕೆಳಗೂ ಇದೆ. ದಾಸೋಜ, ಚಾವಣ, ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದು ಕೂತಿದ್ದರು! ಅವರ ಕೆಲಸವನ್ನು ನೀವು ಅವರ ಕೈಯಿಂದ ಕಿತ್ತು, ಯಾರೂ ಕಾಣದ ಒಂದು ಯಂತ್ರಕ್ಕೆ ಕೊಟ್ಟಿದ್ದೀರಿ. ಪೂರ್ವಿಕರ ಮೇಲಿನ ಅಭಿಮಾನದಿಂದ ಬರೆದಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಅಭಿಮಾನ ದಾಸೋಜನಿಗೆ ಸಲ್ಲಲಿ.

ಮತ್ತೆ ಬರೆಯಿರಿ. ಅದಕ್ಕೆ ಮೊದಲು ಹಾಸನ ಜಿಲ್ಲೆಯ ಶಾಸನ ಸಂಪುಟ ತೆಗೆದು ಬೇಲೂರಿನ ರುಜುಗಳನ್ನು ಓದಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಮೂರ್ತಿ ಕೆತ್ತುವವರಿದ್ದಾರೆ. ಒಂದು ದಿನ ಅವರ ಪಕ್ಕ ಕೂತು, ಕಲ್ಲನ್ನು ಹೇಗೆ ಆರಿಸುತ್ತಾರೆ, ಗೆರೆ ಎಲ್ಲಿಂದ ಹಾಕುತ್ತಾರೆ, ಹೊಳಪು ಹೇಗೆ ತರುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ನೀವು ಎತ್ತಿದ ಪ್ರಶ್ನೆಗಳಲ್ಲಿ ಎಷ್ಟು ಉಳಿಯುತ್ತವೋ ಅವನ್ನು ಪ್ರಶ್ನೆಗಳಾಗಿಯೇ ಉಳಿಸಿ. ನಾನು ಸಂತೋಷದಿಂದ ಅಚ್ಚು ಹಾಕುತ್ತೇನೆ.

ಐದನೆಯ ಪುಟದಲ್ಲಿ, ಬೆಳಗಿನ ಬಿಸಿಲು ಬಾಗಿಲಿಂದ ಒಳಬಂದು ಕಂಬದ ಮೈಯಲ್ಲಿ ನಿಮ್ಮ ಮುಖ ಮಸುಕಾಗಿ ಕಂಡದ್ದನ್ನು ಬರೆದಿದ್ದೀರಲ್ಲ, ಆ ಪ್ಯಾರಾದ ಒಂದಕ್ಷರವನ್ನೂ ಮುಟ್ಟಬೇಡಿ. ಹೊಸ ಲೇಖನ ಅಲ್ಲಿಂದಲೇ ಶುರುವಾಗಲಿ.

ವಿಶ್ವಾಸದಿಂದ,
ಸಂಪಾದಕ