ಓದುಗರ ಪ್ರಶ್ನೆ: ಹಳೆಯ ಮಸೀದಿಗೆ ಹೊಸ ವಿನ್ಯಾಸ

ಪ್ರಶ್ನೆ: ನಮ್ಮ ಮೊಹಲ್ಲಾದ ಮಸೀದಿ ನೂರು ವರ್ಷಕ್ಕೂ ಹಳೆಯದು. ಸುಣ್ಣದ ಗಾರೆ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ ಮದ್ರಾಸ್ ತಾರಸಿ. ಶುಕ್ರವಾರದ ಜುಮ್ಮಾ ದಿನ ಇನ್ನೂರು ಜನಕ್ಕೆ ಒಳಗೆ ಜಾಗವಿಲ್ಲ. ಪಕ್ಕದ ಗೋಡೆ ಒಡೆದು ಕಾಂಕ್ರೀಟ್ ಹಾಲ್ ಸೇರಿಸಿ, ಮೇಲೆ ಫೈಬರ್ ಗುಮ್ಮಟ ಕೂರಿಸುವ ಯೋಚನೆಯಿದೆ. ಸರಿಯೇ?
– ಜಮಾತ್ ಸದಸ್ಯರು, ಶ್ರೀರಂಗಪಟ್ಟಣ

ಉತ್ತರ: ಹಾಲ್ ಕಟ್ಟಿ, ಆದರೆ ಗೋಡೆ ಒಡೆಯಬೇಡಿ. ತಾರಸಿಯ ತೊಲೆಗಳ ಭಾರವೆಲ್ಲ ಆ ಗೋಡೆಯ ಮೇಲಿದೆ. ಅಗಲವಾಗಿ ಕೊರೆದರೆ ತೊಲೆ ಜಗ್ಗುತ್ತದೆ, ತಾರಸಿ ಬಿರುಕು ಬಿಡುತ್ತದೆ. ಈಗಿರುವ ಬಾಗಿಲು, ಕಮಾನುಗಳನ್ನೇ ದಾರಿ ಮಾಡಿಕೊಳ್ಳಿ.

ಒಬ್ಬರ ನಮಾಜಿಗೆ 2 ಅಡಿ ಅಗಲ, 4 ಅಡಿ ಉದ್ದ, ಅಂದರೆ 8 ಚದರಡಿ ಬೇಕು. ಇನ್ನೂರು ಜನಕ್ಕೆ 1,600. ಓಡಾಟಕ್ಕೆ, ಚಪ್ಪಲಿ ಗೂಡಿಗೆ ಕಾಲುಭಾಗ ಸೇರಿಸಿದರೆ 2,000 ಚದರಡಿ. ಕಂಬಗಳು ನಮಾಜಿನ ಸಾಲಾದ ಸಫ್‌ನ ನಡುವೆ ಬರದಂತೆ ಮೊದಲೇ ನಕ್ಷೆಯಲ್ಲಿ ಸಾಲು ಎಳೆದು ನೋಡಿ.

ಹಳೆಯ ಗೋಡೆಯ ತಳಪಾಯ ಸಾಮಾನ್ಯವಾಗಿ ಆಳವಿರುವುದಿಲ್ಲ. ಅದಕ್ಕಂಟಿಕೊಂಡು ಆಳದ ಗುಂಡಿ ತೋಡಿದರೆ ಗೋಡೆ ಕೂರುತ್ತದೆ. ಹಳೆಯ ತಳಪಾಯಕ್ಕಿಂತ ಎಷ್ಟು ಅಡಿ ಕೆಳಗೆ ಹೋಗುತ್ತೀರೋ ಕನಿಷ್ಠ ಅಷ್ಟು ಅಡಿ ದೂರ ಸರಿದು ತೋಡಿ. ಹೊಸ ಚಾವಣಿಯನ್ನು ಗೋಡೆಯವರೆಗೆ ಚಾಚಿ, ಆದರೆ ತಾಗಿಸಬೇಡಿ: 2 ಇಂಚು ಸಂದು ಬಿಟ್ಟು, ಮೇಲೆ ತಗಡು ಹೊದಿಸಿ ಮಳೆನೀರು ತಡೆಯಿರಿ.

ಫೈಬರ್ ಗುಮ್ಮಟದ ಬಗ್ಗೆ ಒಂದು ಮಾತು. ಅದು ಆಧುನಿಕವೂ ಅಲ್ಲ, ಹಳೆಯದೂ ಅಲ್ಲ, ಅಂಗಡಿ ಸಾಮಾನು. ಢಾಕಾದ ಬೈತುರ್ ರೌಫ್ ಮಸೀದಿಯ ಚಿತ್ರ ಹುಡುಕಿ ನೋಡಿ. ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ವಿನ್ಯಾಸ, 2016ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದದ್ದು. ಗುಮ್ಮಟವಿಲ್ಲ, ಮಿನಾರಿಲ್ಲ, ಬರೀ ಇಟ್ಟಿಗೆ, ಚಾವಣಿಯ ದುಂಡು ಕಿಂಡಿಗಳಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳು. ನಿಮ್ಮ ಹೊಸ ಹಾಲಿಗೂ ಇಟ್ಟಿಗೆ ಜಾಲಿ (ತೂತು ಬಿಟ್ಟು ಕಟ್ಟಿದ ಗೋಡೆ) ಸಾಕು. ಜಾಲಿಯ ದಪ್ಪ 4 ಇಂಚಿದ್ದರೆ ತೂತು 4 ಇಂಚು ಮೀರಬಾರದು, ಮೀರಿದರೆ ಬಿಸಿಲು ನೇರ ಒಳಗೆ ಬರುತ್ತದೆ. ಮೆಕ್ಕಾ ದಿಕ್ಕಿಗಿರುವ ಕಿಬ್ಲಾ ಗೋಡೆಗೆ ಗಾಜು ಹಾಕಿಸುವ ಹೊಸ ಶೋಕಿ ಬೇಡ. ನಮ್ಮಲ್ಲಿ ಆ ಗೋಡೆ ಪಶ್ಚಿಮಕ್ಕಿರುವುದರಿಂದ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಇದಕ್ಕೆಲ್ಲ ಮುಂಚೆ ಅಳತೆ ಪಟ್ಟಿ ಹಿಡಿಯಿರಿ. ಮಸ್ಜಿದ್-ಎ-ಆಲಾ, ಗುಂಬಜ್, ದರಿಯಾ ದೌಲತ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಇಲ್ಲದೆ ಗುದ್ದಲಿ ಹಾಕುವಂತಿಲ್ಲ. ವಕ್ಫ್ ಆಸ್ತಿಯಾದರೆ ವಕ್ಫ್ ಮಂಡಳಿಯ ಒಪ್ಪಿಗೆಯೂ ಬೇಕು.

ಪ್ರಶ್ನೆ: ಹಳೆಯ ಗಾರೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಬುಡದಲ್ಲಿ ಮೂರಡಿವರೆಗೂ ಉಪ್ಪು ಏರಿ ಬಣ್ಣ ಉದುರುತ್ತಿದೆ.
– ಓದುಗರು, ಮಂಡ್ಯ

ಉತ್ತರ: ಗಾರೆ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುವುದರಿಂದ ತೇವ ಮೇಲೇರಿ, ಉಪ್ಪು ಕಟ್ಟಿ, ಪ್ಲಾಸ್ಟರನ್ನೇ ತಳ್ಳುತ್ತದೆ. ಉಳಿಯಿಂದ ಕೈಯಲ್ಲೇ ಬಿಡಿಸಿ. ಬ್ರೇಕರ್ ಯಂತ್ರ ಬಳಸಿದರೆ ಇಟ್ಟಿಗೆಯೂ ಕಿತ್ತು ಬರುತ್ತದೆ. ಒಂದು ಬೇಸಿಗೆ ಗೋಡೆ ಒಣಗಲಿ. ಮೇಲೆದ್ದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರಿನಿಂದ ತೊಳೆಯಬೇಡಿ.

ಹೊಸ ಪ್ಲಾಸ್ಟರಿಗೆ ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ ಮೂರು ವಾರ ಕೊಳೆಹಾಕಿ. 1 ಪಾಲು ಸುಣ್ಣ, ಒಂದೂವರೆ ಪಾಲು ಸುರ್ಕಿ (ಇಟ್ಟಿಗೆ ಪುಡಿ), ಒಂದೂವರೆ ಪಾಲು ಮರಳು. ಅಳಲೆಕಾಯಿ, ಬೆಲ್ಲದ ನೀರು ಸೇರಿಸುವುದು ಮೇಸ್ತ್ರಿಯ ಕೈಗುಣಕ್ಕೆ ಬಿಟ್ಟದ್ದು. ಒಂದು ಸಲಕ್ಕೆ ಅರ್ಧ ಇಂಚು ಮೀರಬೇಡಿ, ಗೋಣಿತಾಟು ಕಟ್ಟಿ ವಾರ ಕಾಲ ತೇವವಿಡಿ. ‘ಬೇಗ ಗಟ್ಟಿಯಾಗಲಿ ಸ್ವಾಮಿ’ ಎಂದು ಮೇಸ್ತ್ರಿ ಒಂದು ಬೊಗಸೆ ಸಿಮೆಂಟ್ ಹಾಕಲು ಬಂದರೆ ತಡೆಯಿರಿ. ಮೇಲೆ ಸುಣ್ಣವನ್ನೇ ಬಳಿಯಿರಿ, ಎಮಲ್ಷನ್ ಬೇಡ.

ಪ್ರಶ್ನೆ: ಹಳೆಯ ಮಿಹ್ರಾಬ್ (ಕಿಬ್ಲಾ ತೋರುವ ಗೋಡೆಗೂಡು) ನೇರ ಪಶ್ಚಿಮಕ್ಕಿದೆ. ಫೋನ್ ಬೇರೆ ದಿಕ್ಕು ತೋರಿಸುತ್ತದೆ.
– ಓದುಗರು, ಮೈಸೂರು

ಉತ್ತರ: ಮೈಸೂರಿನಿಂದ ಕಿಬ್ಲಾ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 19–20 ಡಿಗ್ರಿ. ಕಬ್ಬಿಣವಿರುವ ಕಟ್ಟಡದೊಳಗೆ ಫೋನ್ ದಿಕ್ಸೂಚಿಯನ್ನು ನಂಬಬೇಡಿ. ಮೇ 27–28ರ ಮಧ್ಯಾಹ್ನ 2.48ಕ್ಕೆ, ಜುಲೈ 15–16ರ 2.57ಕ್ಕೆ ಸೂರ್ಯ ಮೆಕ್ಕಾದ ನೆತ್ತಿಯ ಮೇಲಿರುತ್ತಾನೆ. ಆಗ ತೂಕದ ದಾರ ಇಳಿಬಿಟ್ಟು ಅದರ ನೆರಳಿನ ಮೇಲೆ ಗೆರೆ ಎಳೆದರೆ, ನೆರಳಿಗೆ ಎದುರು ದಿಕ್ಕೇ ಕಿಬ್ಲಾ. ಮಿಹ್ರಾಬ್ ಕೆಡವುವುದು ಬೇಕಿಲ್ಲ. ಜಮಾತ್ ಒಪ್ಪಿದರೆ ಕಾರ್ಪೆಟ್ಟಿನ ಸಫ್ ಗೆರೆಗಳನ್ನಷ್ಟೇ ತಿರುಗಿಸಿ.

ಪ್ರಶ್ನೆ: ಹೌಜ್ (ನಮಾಜಿಗೆ ಮುಂಚೆ ಕೈಕಾಲು ತೊಳೆಯುವ, ಅಂದರೆ ವಜೂ ಮಾಡುವ ಕೊಳ) ಚಿಕ್ಕದು ಮಾಡಿ ಜಾಗ ಉಳಿಸಬಹುದೇ?
– ಓದುಗರು, ಮೈಸೂರು

ಉತ್ತರ: 15 ಅಡಿಗೆ 15 ಅಡಿ, ಅಂದರೆ 225 ಚದರಡಿಗಿಂತ ಕಡಿಮೆಯಾದರೆ ಹನಫಿ ಪಂಥದವರ ‘ದಹ್ ದರ್ ದಹ್’ (ಹತ್ತು ಮೊಳಕ್ಕೆ ಹತ್ತು ಮೊಳ) ಲೆಕ್ಕಕ್ಕೆ ಬರುವುದಿಲ್ಲ. ಚೌಕವೇ ಆಗಬೇಕೆಂದಿಲ್ಲ, 9ಕ್ಕೆ 25 ಅಡಿಯ ಉದ್ದ ಹೌಜ್ ಗೋಡೆಬದಿಗೆ ಚೆನ್ನಾಗಿ ಕೂರುತ್ತದೆ. ಅದಕ್ಕೂ ಜಾಗವಿಲ್ಲದಿದ್ದರೆ ನಲ್ಲಿ ಸಾಲು ಹಾಕಿ: ಕೂರುವ ಕಟ್ಟೆ 16 ಇಂಚು ಎತ್ತರ, ನಲ್ಲಿಯಿಂದ ನಲ್ಲಿಗೆ ಎರಡೂವರೆ ಅಡಿ. ವಜೂ ನೀರನ್ನು ಗಿಡಗಳಿಗೆ ತಿರುಗಿಸಿ, ಗೋಡೆ ಬುಡಕ್ಕಲ್ಲ.